ಬಿಸಾಡುವ ಸಾಮಾನಿಗೆ ಚಾರ್ಜಿಂಗ್ ಕಿಂಡಿ ಬಂದ ಕಥೆ

ಬಳಸಿ ಬಿಸಾಡುವ ವೇಪಿನ, ಅಂದರೆ ಇ-ಸಿಗರೇಟಿನ, ಬುಡದಲ್ಲಿ ಈಗ ಚಾರ್ಜಿಂಗ್ ಕಿಂಡಿ ಇರುತ್ತದೆ. ಬಿಸಾಡುವುದಾದರೆ ಚಾರ್ಜ್ ಮಾಡುವುದು ಯಾಕೆ, ಚಾರ್ಜ್ ಮಾಡುವುದಾದರೆ ಬಿಸಾಡುವುದು ಯಾಕೆ? ದಾವಣಗೆರೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವುದನ್ನು ಕಲಿತು, ಈಗ ಇಂಗ್ಲೆಂಡಿನ ಲೆಸ್ಟರಿನಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿಕೊಂಡಿರುವ ನನಗೆ ಯಾವ ಯಂತ್ರವನ್ನಾದರೂ ಒಳಗಿನ ಭಾಗಗಳಿಂದಲೇ ಅರ್ಥ ಮಾಡಿಕೊಳ್ಳುವ ಅಭ್ಯಾಸ. ಈ ಯಂತ್ರದ ಮಟ್ಟಿಗೆ ಒಳಭಾಗದ ಜೊತೆ ಚರಿತ್ರೆಯನ್ನೂ ನೋಡಬೇಕಾಯಿತು. ಹುಟ್ಟಿದ್ದು ಸಿಗರೇಟು ಬಿಡಲಾಗದವರ ಸಂಕಟದಿಂದ, ನಿಜ. ಇವತ್ತಿನ ರೂಪ ಬಂದದ್ದು ಮಾತ್ರ ಕಾನೂನುಗಳ ಸಂದುಗೊಂದುಗಳಲ್ಲಿ.

ಅಮೆರಿಕದ ಪೆನ್ಸಿಲ್ವೇನಿಯಾದ ಬೀವರ್ ಫಾಲ್ಸ್ ಎಂಬ ಊರಿನಲ್ಲಿ ಹರ್ಬರ್ಟ್ ಗಿಲ್ಬರ್ಟ್ ಎಂಬಾತ ಇದ್ದ. ಗುಜರಿ ವ್ಯಾಪಾರಿ, ವಿಪರೀತ ಸಿಗರೇಟು ಸೇದುವವನು. ತಂಬಾಕು ಸುಡದೆ, ಬ್ಯಾಟರಿಯಿಂದ ಬಿಸಿ ಮಾಡಿದ ರುಚಿಯ ಹಬೆಯನ್ನು ಒಳಗೆಳೆಯುವ ಸಾಧನಕ್ಕೆ ಅವನು 1963ರಲ್ಲಿ ಪೇಟೆಂಟ್ ಅರ್ಜಿ ಹಾಕಿದ, 1965ರಲ್ಲಿ ಪೇಟೆಂಟ್ ಸಿಕ್ಕಿತು. ಅದರಲ್ಲಿ ನಿಕೋಟಿನ್ ಇರಲಿಲ್ಲ. ತಯಾರಿಸಲು ಯಾವ ಕಂಪನಿಯೂ ಮುಂದೆ ಬರಲಿಲ್ಲ. ಅಂದಿನ ಬ್ಯಾಟರಿಗಳನ್ನು ನೆನೆದರೆ ಬಂದಿದ್ದರೂ ಹೆಚ್ಚು ದೂರ ಹೋಗುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಎಂಬತ್ತರ ದಶಕದಲ್ಲಿ ಟೆಕ್ಸಾಸಿನಲ್ಲಿ ಬಂದ ‘ಫೇವರ್’ ಎಂಬ ಹೊಗೆರಹಿತ ಸಿಗರೇಟಿನಲ್ಲಿ ನಿಕೋಟಿನ್ ಇತ್ತು, ವಿದ್ಯುತ್ ಇರಲಿಲ್ಲ. 1987ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದನ್ನು ತಡೆಯಿತು.

ಎರಡನ್ನೂ ಕೂಡಿಸಿದವನು ಹಾನ್ ಲಿಕ್. ಈಶಾನ್ಯ ಚೀನಾದ ಶೆನ್ಯಾಂಗಿನ ಔಷಧ ತಜ್ಞ. ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡವರು, ಮಗನೂ ಭಾರೀ ಸೇದುವವನೇ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಪ್ರಯತ್ನಿಸಿ ಸೋತಿದ್ದ. ಪಟ್ಟಿ ನಿಕೋಟಿನನ್ನು ದಿನವಿಡೀ ಒಂದೇ ಸಮನೆ ಹನಿಸುತ್ತದೆ. ದಮ್ಮು ಎಳೆದೊಡನೆ ತಲೆಗೇರುವ ಆ ಒಂದು ಗಳಿಗೆಯನ್ನು ಕೊಡುವುದಿಲ್ಲ. ಚಟ ಕಟ್ಟಿಹಾಕುವುದು ಆ ಗಳಿಗೆಯಿಂದಲೇ ಎಂಬುದನ್ನು ಅವನು ಹಿಡಿದ. 2003ರಲ್ಲಿ ಅವನು ಮಾಡಿದ ಯಂತ್ರ ಶ್ರವಣಾತೀತ ಕಂಪನದಿಂದ ನಿಕೋಟಿನ್ ದ್ರವವನ್ನು ಮಂಜಾಗಿಸುತ್ತಿತ್ತು. ಮುಂದಿನವರು ಕಂಪನ ಬಿಟ್ಟು ಬಿಸಿ ತಂತಿಯ ಸುರುಳಿಗೆ, ಅಂದರೆ ಕಾಯಿಲ್‌ಗೆ, ಹೋದರು, ಅದು ಅಗ್ಗ. 2013ರಲ್ಲಿ ಅವನ ಕಂಪನಿಯ ಪೇಟೆಂಟುಗಳನ್ನು ಇಂಪೀರಿಯಲ್ ಟೊಬ್ಯಾಕೋ 7.5 ಕೋಟಿ ಡಾಲರಿಗೆ ಕೊಂಡಿತು. ಸಿಗರೇಟಿನಿಂದ ಹೊರಬರುವ ದಾರಿಯೆಂದು ಶುರುವಾದದ್ದು ಹತ್ತೇ ವರ್ಷದಲ್ಲಿ ಸಿಗರೇಟು ಕಂಪನಿಯ ಆಸ್ತಿಯಾಯಿತು.

ತಯಾರಿಕೆ ಮಾತ್ರ ಹಾನ್‌ನ ಶೆನ್ಯಾಂಗಿನಿಂದ ದಕ್ಷಿಣಕ್ಕೆ, ಶೆಂಜೆನ್ನಿಗೆ, ಇಳಿದು ಅಲ್ಲೇ ಬೇರೂರಿತು. ಮೊಬೈಲಿಗೆ ಬೇಕಾದ ಸಣ್ಣ ಬ್ಯಾಟರಿ, ಸರ್ಕ್ಯೂಟ್ ಬೋರ್ಡು, ಪ್ಲಾಸ್ಟಿಕ್ ಅಚ್ಚು ಎಲ್ಲವೂ ಆ ನಗರದಲ್ಲಿ ಒಂದೇ ಬೀದಿಯ ಅಂತರದಲ್ಲಿ ಸಿಗುತ್ತಿದ್ದವು. ಪ್ರಪಂಚದ ಬಹುಪಾಲು ವೇಪುಗಳು ಇವತ್ತಿಗೂ ಶೆಂಜೆನ್ನಿನ ಬಾವೋಆನ್ ಜಿಲ್ಲೆಯ ಸುತ್ತಮುತ್ತಲೇ ತಯಾರಾಗುತ್ತವೆ. ಚೀನಾ 2022ರ ಅಕ್ಟೋಬರ್ 1ರಿಂದ ಹಣ್ಣಿನ ರುಚಿ, ಸಿಹಿ ರುಚಿಯವನ್ನೆಲ್ಲ ತನ್ನ ಜನರಿಗೆ ಮಾರುವುದನ್ನು ನಿಷೇಧಿಸಿತು. ರಫ್ತಿಗೆ ಅಡ್ಡಿ ಮಾಡಲಿಲ್ಲ.

ಒಳಗೇನಿದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಲಿಥಿಯಂ ಅಯಾನ್ ಬ್ಯಾಟರಿ ಒಂದು. ದ್ರವ ಹೀರಿಕೊಂಡ ಹತ್ತಿ, ಅದರ ನಡುವೆ ಕಾಯಿಲ್. ಹಳೆಯ ಟೇಪ್‌ರೆಕಾರ್ಡರಿನ ಮೈಕಿನಂತೆಯೇ ಕಾಣುವ ಪುಟ್ಟ ಗುಂಡಿಯೊಂದು ಇರುತ್ತದೆ. ಬಾಯಿಂದ ಎಳೆದಾಗ ಗಾಳಿಯ ಒತ್ತಡ ಇಳಿದದ್ದನ್ನು ಅದು ಗ್ರಹಿಸಿ ಕಾಯಿಲ್‌ಗೆ ಕರೆಂಟು ಹರಿಸುತ್ತದೆ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ರುಚಿ, ನಿಕೋಟಿನ್. ಇಷ್ಟೇ. ನಾನು ಮೊದಲ ಸಲ ಒಳಭಾಗ ನೋಡಿದಾಗ ಕಣ್ಣು ನಿಂತದ್ದು ಬ್ಯಾಟರಿಯ ಮೇಲೆ. ಟಾರ್ಚಿಗೆ ಹಾಕಿ ಬಿಸಾಡುವ ಸೆಲ್ ಅಲ್ಲ ಅದು, ನೂರಾರು ಸಲ ಚಾರ್ಜ್ ಆಗಬಲ್ಲ ಜಾತಿಯದು. ಕಿಂಡಿ ಒಂದೇ ಇರಲಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಮತ್ತು ಆಕ್ಸ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಬಿಸಾಡಿದ ವೇಪುಗಳ ಬ್ಯಾಟರಿಗಳನ್ನು ಹೊರತೆಗೆದು ಪರೀಕ್ಷಿಸಿ ಇದನ್ನೇ ಪ್ರಕಟಿಸಿದರು. (ಮನೆಯಲ್ಲಿ ಯಾರೂ ಇದನ್ನು ಬಿಚ್ಚಲು ಹೋಗಬಾರದು. ಲಿಥಿಯಂ ಸೆಲ್ಲಿಗೆ ಚಾಕು ತಗುಲಿದರೆ ಬೆಂಕಿ ಹೊತ್ತಿಕೊಳ್ಳಬಹುದು.)

ಇನ್ನು ಕಾನೂನಿನ ಕಥೆ. 2015ರಲ್ಲಿ ಅಮೆರಿಕದಲ್ಲಿ ಜೂಲ್ ಬಂತು. ಸ್ಟ್ಯಾನ್‌ಫರ್ಡ್‌ನಲ್ಲಿ ವಿನ್ಯಾಸ ಓದಿದ ಇಬ್ಬರು ಮಾಡಿದ್ದು. ಅದು ಚಾರ್ಜ್ ಆಗುತ್ತಿತ್ತು, ದ್ರವ ತುಂಬಿದ ಪುಟ್ಟ ಪಾಡ್ ಮಾತ್ರ ಬದಲಿಸಬೇಕು. ಬೆಂಜೋಯಿಕ್ ಆಮ್ಲ ಬೆರೆಸಿದ ನಿಕೋಟಿನ್ ಲವಣ ಬಳಸಿದ್ದರಿಂದ ನಿಕೋಟಿನ್ ಪ್ರಮಾಣ ಹೆಚ್ಚಿದ್ದರೂ ಗಂಟಲು ಉರಿಯುತ್ತಿರಲಿಲ್ಲ. ಉರಿ ಇಲ್ಲದ ಮೇಲೆ ಮಕ್ಕಳಿಗೂ ಸಲೀಸಾಯಿತು. ಶಾಲೆಗಳ ಶೌಚಾಲಯಗಳಿಗೂ ಹೊಕ್ಕಿತು. ದೇಶವೇ ಗಾಬರಿಬಿದ್ದ ಮೇಲೆ 2020ರ ಜನವರಿಯಲ್ಲಿ ಆಹಾರ ಮತ್ತು ಔಷಧ ಆಡಳಿತ ಹಣ್ಣು, ಮಿಠಾಯಿ ರುಚಿಯ ಪಾಡ್‌ಗಳ ಮೇಲೆ ಕ್ರಮ ಘೋಷಿಸಿತು. ಆದರೆ ಆ ಆದೇಶದ ಕಣ್ಣಿದ್ದದ್ದು ಪಾಡ್‌ಗಳ ಮೇಲೆ. ಇಡಿಯಾಗಿ ಬಿಸಾಡುವ ವೇಪು ಅದರ ಹೊರಗುಳಿಯಿತು. ಅದೇ ವರ್ಷ ‘ಪಫ್ ಬಾರ್’ನಂಥ ಬಿಸಾಡುವ ಮಾದರಿಗಳು ಅಂಗಡಿಗಳನ್ನು ತುಂಬಿದವು. ಚಾರ್ಜ್ ಮಾಡಿ ಉಳಿಸಿಕೊಳ್ಳುವುದರಿಂದ ಬಳಸಿ ಎಸೆಯುವುದಕ್ಕೆ ವ್ಯಾಪಾರ ಹಿಂದಕ್ಕೆ ನಡೆಯಿತು, ಒಂದು ಆದೇಶದ ಪದಜೋಡಣೆಯ ಕಾರಣಕ್ಕೆ.

ಆಮೇಲೆ ಶುರುವಾಯಿತು ದಮ್ಮುಗಳ ಲೆಕ್ಕದ ಪೈಪೋಟಿ. ಕಿಂಡಿ ಹುಟ್ಟಿದ್ದು ಇಲ್ಲೇ, ಆದ್ದರಿಂದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಬ್ರಿಟನ್ನಿನ ಸಾಮಾನ್ಯ ಬಿಸಾಡುವ ವೇಪಿನಲ್ಲಿ ಕಾನೂನಿನ ಮಿತಿಯಷ್ಟು 2 ಮಿಲಿ ದ್ರವ, ಸುಮಾರು 550 ಮಿಲಿಆಂಪ್‌ಅವರ್ ಬ್ಯಾಟರಿ ಇರುತ್ತಿತ್ತು. ಡಬ್ಬಿಯ ಮೇಲೆ 600 ದಮ್ಮು ಎಂದಿರುತ್ತಿತ್ತು. ಹಾಗಾದರೆ ಒಂದು ದಮ್ಮಿಗೆ ಬರುವುದು ಹನಿಯೊಂದರ ಹದಿನೈದನೆಯ ಪಾಲು. ಯಂತ್ರಕ್ಕೆ ಕಟ್ಟಿ ಚಿಕ್ಕಚಿಕ್ಕದಾಗಿ ಎಳೆಸಿ ಎಣಿಸಿದ ಸಂಖ್ಯೆ ಅದು. ಮನುಷ್ಯರು ಅಷ್ಟು ಮೆಲ್ಲಗೆ ಎಳೆಯುವುದಿಲ್ಲ. ಆ ವೇಪಿನಲ್ಲಿ ಬ್ಯಾಟರಿ ಮತ್ತು ದ್ರವ ಹೆಚ್ಚುಕಡಿಮೆ ಒಟ್ಟಿಗೆ ಮುಗಿಯುತ್ತಿದ್ದವು. ಅಮೆರಿಕದಲ್ಲಿ ದ್ರವಕ್ಕೆ ಇಂಥ ಮಿತಿ ಇರಲಿಲ್ಲವಾದ್ದರಿಂದ 5000 ದಮ್ಮಿನವು ಬಂದವು, ಒಳಗೆ 10, 12 ಮಿಲಿ. ಆರು ಪಟ್ಟು ದ್ರವಕ್ಕೆ ಆರು ಪಟ್ಟು ಬ್ಯಾಟರಿ ಹಾಕಿದರೆ 3300 ಮಿಲಿಆಂಪ್‌ಅವರ್, ಸ್ಮಾರ್ಟ್‌ಫೋನಿನ ಬ್ಯಾಟರಿಯಷ್ಟಾಯಿತು. ಬೆಲೆ ಏರುತ್ತದೆ, ಜೇಬು ಭಾರವಾಗುತ್ತದೆ. ಅದಕ್ಕೆ 650ರ ಆಸುಪಾಸಿನ ಸಣ್ಣ ಬ್ಯಾಟರಿಯನ್ನೇ ಇಟ್ಟು ಬುಡದಲ್ಲಿ ಕಿಂಡಿ ಕೊರೆದರು. ದ್ರವ ಮುಗಿಯುವ ತನಕ ಬ್ಯಾಟರಿ ಜೀವಂತವಿರಲಿ ಎಂಬುದಷ್ಟೇ ಉದ್ದೇಶ. ಕೊನೆಯ ಹನಿ ಮುಗಿದ ದಿನ, ಇನ್ನೂ ನೂರಾರು ಸಲ ಚಾರ್ಜ್ ಆಗಬಲ್ಲ ಬ್ಯಾಟರಿಯೂ ಕಸದ ಬುಟ್ಟಿಗೇ ಹೋಗುತ್ತಿತ್ತು.

ಇಂಗ್ಲೆಂಡಿನಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಿದೆ. ಯುರೋಪಿನ ತಂಬಾಕು ನಿರ್ದೇಶನದ ಮಿತಿಗಳು 2016ರ ಮೇ ತಿಂಗಳಿಂದ ಇಲ್ಲಿಯೂ ಜಾರಿಯಲ್ಲಿವೆ: ಸಾಧನದ ಟ್ಯಾಂಕಿನಲ್ಲಿ 2 ಮಿಲಿ ಮೀರಬಾರದು, ತುಂಬಿಸಿಕೊಳ್ಳುವ ಬಾಟಲಿ 10 ಮಿಲಿ ಮೀರಬಾರದು, ನಿಕೋಟಿನ್ ಮಿಲಿಗೆ 20 ಮಿಲಿಗ್ರಾಂ ಮೀರಬಾರದು. ವೇಪ್ ಬಳಸುತ್ತಿದ್ದ 11ರಿಂದ 17ರ ವಯಸ್ಸಿನ ಮಕ್ಕಳಲ್ಲಿ ಬಿಸಾಡುವ ಮಾದರಿಯವರು 2021ರಲ್ಲಿ ಶೇ. 7.7 ಇದ್ದದ್ದು 2023ರ ಹೊತ್ತಿಗೆ ಶೇ. 69. ಅದೇ 2023ರಲ್ಲಿ ವಾರಕ್ಕೆ 50 ಲಕ್ಷ ವೇಪುಗಳನ್ನು ಜನ ಎಸೆಯುತ್ತಿದ್ದಾರೆಂದು ‘ಮೆಟೀರಿಯಲ್ ಫೋಕಸ್’ ಸಂಸ್ಥೆ ಅಂದಾಜಿಸಿತು. ನಮ್ಮ ಬೀದಿಯ ಚರಂಡಿ ಜಾಲರಿಯಲ್ಲಿ, ಉದ್ಯಾನದ ಹುಲ್ಲಿನಲ್ಲಿ, ಬಸ್ ನಿಲ್ದಾಣದ ಬೆಂಚಿನ ಕೆಳಗೆ ಗುಲಾಬಿ, ನೀಲಿ ಬಣ್ಣದ ಕೊಳವೆಗಳು. ಕಸದ ಲಾರಿಯ ಒತ್ತುಯಂತ್ರಕ್ಕೆ ಸಿಕ್ಕಿ ಬೆಂಕಿ ಹೊತ್ತಿದ ಸುದ್ದಿ ಮೇಲಿಂದ ಮೇಲೆ ಬರುತ್ತಿತ್ತು. ಬಡ ದೇಶಗಳ ಗಣಿಯಿಂದ ಬಂದ ಲೋಹವನ್ನು ಹೀಗೆ ಹುಲ್ಲಿಗೆ ಎಸೆಯುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ರಿಪೇರಿ ಅಂಗಡಿಯಲ್ಲಿ ಹಳೆಯ ರೇಡಿಯೋದ ಒಂದೊಂದು ಕೆಪಾಸಿಟರನ್ನೂ ಕಿತ್ತು ಡಬ್ಬಿಯಲ್ಲಿಟ್ಟುಕೊಂಡು ಬೆಳೆದವನು ನಾನು.

2024ರಲ್ಲಿ ಇಲ್ಲಿ ಇನ್ನೊಂದು ಮಾದರಿ ಬಂತು. ಕಾನೂನಿನ ಎರಡು ಅಂಕಿಗಳನ್ನೂ ಜೋಡಿಸಿದ್ದು: 2 ಮಿಲಿಯ ಪಾಡ್, ಅದಕ್ಕೆ ಸಿಕ್ಕಿಸುವ 10 ಮಿಲಿಯ ಡಬ್ಬಿ, ಕೆಳಗೆ ಚಾರ್ಜಿಂಗ್ ಕಿಂಡಿ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ನಿಯಮದೊಳಗೆ, ಕೂಡಿಸಿ ನೋಡಿದರೆ ಸಾವಿರಾರು ದಮ್ಮಿನ ಯಂತ್ರ. 2025ರ ಜೂನ್ 1ರಂದು ಒಂದೇ ಸಲ ಬಳಸುವ ವೇಪುಗಳ ಮಾರಾಟವನ್ನು ಬ್ರಿಟನ್ ನಿಷೇಧಿಸಿತು. ಬೆಲ್ಜಿಯಂ, ಫ್ರಾನ್ಸುಗಳು ಅದೇ ವರ್ಷದ ಆರಂಭದಲ್ಲೇ ಮಾಡಿದ್ದವು. ಚಾರ್ಜ್ ಆಗಬೇಕು, ಮರಳಿ ತುಂಬುವಂತಿರಬೇಕು, ಎರಡೂ ಇದ್ದರೆ ಮಾತ್ರ ಮಾರಬಹುದು ಎಂಬುದು ಹೊಸ ನಿಯಮ. ಆಗ ಹಳೆಯ ಬಣ್ಣ, ಹಳೆಯ ರುಚಿ, ಹೆಚ್ಚುಕಡಿಮೆ ಹಳೆಯ ಬೆಲೆಗೇ ಕಿಂಡಿಯಿರುವ, ಪಾಡ್ ಕಳಚುವ ಮಾದರಿಗಳು ಅದೇ ಕಪಾಟಿಗೆ ಬಂದು ಕೂತವು. ನಮ್ಮ ಬೀದಿಯ ಅಂಗಡಿಯಲ್ಲಿ ಸಾಧನ ಸಾಲುಸಾಲಾಗಿರುತ್ತದೆ, ಅದಕ್ಕೆ ಬೇಕಾದ ಬದಲಿ ಪಾಡ್ ಕೇಳಿದರೆ ಇರುವುದಿಲ್ಲ. ಸಿಗದ ಮೇಲೆ ಜನ ಮಾಡುವುದು ಹಿಂದಿನದನ್ನೇ.

ಬರ್ಮಿಂಗ್‌ಹ್ಯಾಮಿನ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವ ನನ್ನ ಹೆಂಡತಿಯ ತಮ್ಮ ಇಂಥದೊಂದನ್ನು ಹಿಡಿದುಕೊಂಡು ಮನೆಗೆ ಬಂದಿದ್ದ. ಕಾಲೇಜು ದಿನಗಳಿಂದ ಸಿಗರೇಟು ಸೇದುವವನು. “ಭಾವ, ಇದು ಚಾರ್ಜ್ ಆಗುತ್ತೆ, ದಂಡ ಆಗಲ್ಲ. ಸಿಗರೇಟ್ ಬಿಟ್ಟು ದಿನಾ ಇದನ್ನೇ ಸೇದ್ಲಾ? ನೀವು ಒಂದ್ಸಲ ನೋಡಿ ಹೇಳಿ” ಅಂದ.

ನಮ್ಮಪ್ಪ ಬೀಡಿಯಿಂದ ಶ್ವಾಸಕೋಶ ಹಾಳುಮಾಡಿಕೊಂಡು, ಕೊನೆಯ ದಿನಗಳಲ್ಲಿ ಕೂತೇ ನಿದ್ದೆ ಮಾಡುತ್ತಿದ್ದರು. ಹಾಗಾಗಿ ಅವನ ಪ್ರಶ್ನೆಗೆ ಬಾಯಿಗೆ ಬಂದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಸುಡುವ ತಂಬಾಕಿಗಿಂತ ಇದರ ಹಾನಿ ಕಡಿಮೆ ಎಂದು ಇಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ಸಿಗರೇಟು ಬಿಡಿಸುವುದರಲ್ಲಿ ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್ಮಿಗಿಂತ ವೇಪ್ ಹೆಚ್ಚು ಫಲ ಕೊಡುತ್ತದೆಂದು ಕಾಕ್ರೇನ್ ಪರಿಶೀಲನೆಯೂ ಹೇಳಿದೆ. 2023ರಲ್ಲಿ ಹತ್ತು ಲಕ್ಷ ಸಿಗರೇಟುದಾರರಿಗೆ ವೇಪ್ ಕಿಟ್ ಕೊಡುವ ಯೋಜನೆಯನ್ನೂ ಸರ್ಕಾರ ಘೋಷಿಸಿತು. ಇದೆಲ್ಲವನ್ನೂ ಅವನಿಗೆ ಹೇಳಿದೆ. ಆಮೇಲೆ ಅವನ ಕೈಯಲ್ಲಿದ್ದದ್ದನ್ನು ತೆಗೆದುಕೊಂಡು ನೋಡಿದೆ.

2 ಮತ್ತು 10 ಸೇರಿ 12 ಮಿಲಿ, ಮಿಲಿಗೆ 20 ಮಿಲಿಗ್ರಾಂ, ಒಟ್ಟು 240 ಮಿಲಿಗ್ರಾಂ ನಿಕೋಟಿನ್ ಒಂದು ಹಿಡಿಯಲ್ಲಿ. ಸಿಗರೇಟು ಸುಟ್ಟು ತುದಿಗೆ ಬಂದರೆ ತಾನೇ ನಿಲ್ಲುತ್ತದೆ. ಇದಕ್ಕೆ ಅಂಥ ತುದಿ ಇಲ್ಲ. ಹಾಸಿಗೆಯಲ್ಲಿ, ಗೋದಾಮಿನ ಶೌಚಾಲಯದಲ್ಲಿ, ಬಸ್ಸಿಳಿದೊಡನೆ ಎಳೆಯುತ್ತಲೇ ಇರಬಹುದು. ಕಿಂಡಿ ಇರುವುದರಿಂದ ಬ್ಯಾಟರಿಯೂ ನಿಲ್ಲಿಸುವುದಿಲ್ಲ. ಹಾನ್ ಲಿಕ್ ಹುಡುಕಿದ ಆ ಗಳಿಗೆಯನ್ನು ಇದು ದಿನವಿಡೀ ಹಿಗ್ಗಿಸಿಬಿಟ್ಟಿದೆ. ಇನ್ನು ಕಾಯಿಲ್. ಅಷ್ಟೂ ದ್ರವವನ್ನು ಕಾಯಿಸುವ ಪಾಡಿನ ಸುರುಳಿ ಬದಲಾಗುವುದು ಬದಲಿ ಪಾಡ್ ಸಿಕ್ಕರೆ ಮಾತ್ರ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಕೆಲವು ಬಿಸಾಡುವ ವೇಪುಗಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೀಸ, ನಿಕಲ್‌ನಂಥ ಲೋಹಗಳು ಹಬೆಗೆ ಸೇರುವುದು ಕಂಡುಬಂತು. ನಿಕಲ್ ಬಂದದ್ದು ಕಾಯಿಲ್‌ನಿಂದ, ಸೀಸ ಬಂದದ್ದು ಸೀಸ ಬೆರೆತ ಕಂಚಿನ ಬಿಡಿಭಾಗಗಳಿಂದ. ಅಗ್ಗದ ಮಿಶ್ರಲೋಹವನ್ನು ಎಲ್ಲೆಲ್ಲಿ ಸೇರಿಸುತ್ತಾರೆಂದು ಬೆಸುಗೆ ಕೆಲಸದವರಿಗೆ ಗೊತ್ತಿರುತ್ತದೆ. ಉಸಿರಿನ ದಾರಿಯಲ್ಲಿ ಅದು ಇರಬಾರದಿತ್ತು.

“ಸಿಗರೇಟ್ ಬಿಡೋಕೆ ಆದ್ರೆ ಇಲ್ಲಿನ ಧೂಮಪಾನ ಬಿಡಿಸೋ ಕ್ಲಿನಿಕ್ಕಿಗೆ ಹೋಗು ಕಣೋ” ಅಂದೆ. “ಕಾಯಿಲ್ ಬದಲಿಸೋ ಅಂಥದ್ದು, ನಿಕೋಟಿನ್ ಮೆಲ್ಲಗೆ ಇಳಿಸ್ತಾ ಹೋಗೋ ಅಂಥದ್ದು ತಗೋ. ಯಾವತ್ತು ಇದನ್ನೂ ಬಿಡ್ತೀಯ ಅನ್ನೋದನ್ನ ಅವರ ಹತ್ರ ಮೊದಲೇ ಮಾತಾಡ್ಕೋ.” ಸಿಗರೇಟು ಮುಟ್ಟದವರು ಕೇಳಿದ್ದರೆ ಒಂದೇ ಮಾತಿನಲ್ಲಿ ಬೇಡ ಅನ್ನುತ್ತಿದ್ದೆ.

ದೀಪಾವಳಿಗೆ ಊರಿಗೆ ಹೋಗುವಾಗ ಜೊತೆಗೆ ಒಯ್ಯಬಹುದಾ ಎಂದೂ ಕೇಳಿದ. ಒಯ್ಯಬಾರದು. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಸೆಪ್ಟೆಂಬರಿನ ಸುಗ್ರೀವಾಜ್ಞೆ, ಅದರ ಬೆನ್ನಿಗೆ ಡಿಸೆಂಬರಿನ ಕಾಯ್ದೆ ದೇಶವಿಡೀ ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತು ಎಲ್ಲವನ್ನೂ ನಿಲ್ಲಿಸಿತು. ಆಮದಿನ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ವಿಧಿಸಬಹುದು. ಮಕ್ಕಳನ್ನು ಕಾಪಾಡುವ ಆ ಕಾಯ್ದೆಯನ್ನು ನಾನು ಒಪ್ಪುತ್ತೇನೆ. ಅಪ್ಪನನ್ನು ಕೊಂದ ಬೀಡಿ ಮಾತ್ರ ಅದೇ ಬೀದಿಗಳಲ್ಲಿ ಕಟ್ಟುಗಟ್ಟಲೆ ಮಾರಾಟವಾಗುತ್ತಿರುವುದನ್ನು ಒಪ್ಪಲು ನನ್ನಿಂದ ಆಗಿಲ್ಲ.

ಅವನ ಆ ಸಾಧನವನ್ನು ಮನೆಯ ಕಸಕ್ಕೆ ಹಾಕಲಿಲ್ಲ. ವೇಪ್ ಮಾರುವ ಅಂಗಡಿಗಳು ಹಳೆಯದನ್ನು ವಾಪಸು ತೆಗೆದುಕೊಳ್ಳಬೇಕೆಂಬ ನಿಯಮ ಇಲ್ಲಿದೆ. ನಮ್ಮ ಬೀದಿಯ ಅಂಗಡಿಗೆ ಹೋದೆವು. ಹಳೆಯದನ್ನು ಹಾಕುವ ಡಬ್ಬಿ ಎಲ್ಲೂ ಕಾಣಲಿಲ್ಲ. ಕೇಳಿದ ಮೇಲೆ ಹುಡುಗ ಕೌಂಟರಿನ ಕೆಳಗಿಂದ ತೆಗೆದು ಮುಂದಿಟ್ಟ.