ಲಂಡನ್‌ನ ಕೆನ್ಸಿಂಗ್ಟನ್‌ನಲ್ಲಿ ಕೊಡಗಿನ ಒಂದು ಹಳೇ ಲೆಕ್ಕ

ಇವತ್ತಿನ ಎಪಿಸೋಡ್‌ನಲ್ಲಿ ನಾವು ಒಂದು ವಾಕ್ ಹೋಗೋಣ. ಜಾಗ ಲಂಡನ್. ಆದ್ರೆ ಕಥೆ ಮಾತ್ರ ಪೂರ್ತಿ ಮಡಿಕೇರಿದು.

ಓದಲಿಕ್ಕೋ ಕೆಲಸಕ್ಕೋ ಇಂಗ್ಲೆಂಡಿಗೆ ಹೋದವರು ನಿಮ್ಮ ಪರಿಚಯದಲ್ಲಿ ಒಬ್ಬರಾದ್ರೂ ಇರ್ತಾರೆ. ಅವರು ಹಾಕೋ ಫೋಟೋಗಳನ್ನ ನೆನಪು ಮಾಡ್ಕೊಳ್ಳಿ. ಬಿಳಿ ಬಣ್ಣದ ಸಾಲು ಮನೆಗಳು, ಪ್ರತಿ ಬಾಗಿಲಿಗೂ ಎರಡು ಕಂಬ, ಎದುರಿಗೆ ಬೇಲಿ ಹಾಕಿದ ಪುಟ್ಟ ತೋಟ, ರಸ್ತೆ ಬದಿಯಲ್ಲಿ ನಮ್ಮ ಎಸ್ಟೇಟಿನ ಬೆಲೆಗೆ ಬರೋ ಕಾರುಗಳು. ಹೆಚ್ಚಿನ ಸಲ ಅದು ಕೆನ್ಸಿಂಗ್ಟನ್, ಚೆಲ್ಸಿ ಕಡೆಯ ಫೋಟೋ ಆಗಿರುತ್ತೆ. ಬೆಂಗಳೂರಿಗೆ ಸದಾಶಿವನಗರ ಹೇಗೋ ಲಂಡನ್‌ಗೆ ಅದು ಹಾಗೆ. ಅಲ್ಲಿ ಮನೆ ಕೊಳ್ಳೋದು ನಮ್ಮ ಕೈಲಾಗೋ ಮಾತಲ್ಲ. ಓಡಾಡಿ ನೋಡೋದಕ್ಕೆ ಮಾತ್ರ ದುಡ್ಡು ಬೇಡ.

ಆದ್ರೆ ಆ ಏರಿಯಾದ ಖಾತೆ ಪುಸ್ತಕದಲ್ಲಿ ಕೊಡಗಿನ ಹೆಸರೂ ಇದೆ. ಅದನ್ನ ಹುಡುಕೋಣ.

ಸೌತ್ ಕೆನ್ಸಿಂಗ್ಟನ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದ್ರೆ ಪಕ್ಕದಲ್ಲೇ ದೊಡ್ಡ ದೊಡ್ಡ ಮ್ಯೂಸಿಯಂಗಳು. ಇವು ಬಂದದ್ದು ಹೇಗೆ ಅಂತ ಕೇಳಿದ್ರೆ ಉತ್ತರ ಒಂದು ಬ್ಯಾಲೆನ್ಸ್ ಶೀಟ್‌ನಲ್ಲಿದೆ. 1851ರಲ್ಲಿ ಲಂಡನ್‌ನ ಹೈಡ್ ಪಾರ್ಕಿನಲ್ಲಿ ಮಹಾ ವಸ್ತು ಪ್ರದರ್ಶನ ನಡೀತು. ಸುಮಾರು 60 ಲಕ್ಷ ಜನ ನೋಡಿದ್ರು. ಖರ್ಚೆಲ್ಲಾ ಕಳೆದು ಸುಮಾರು 1,86,000 ಪೌಂಡ್ ಲಾಭ ಉಳೀತು. ಆ ದುಡ್ಡಿನ ಬಲದಲ್ಲಿ ತೋಟಗಳಿದ್ದ ಈ ಕಡೆಯ ಜಮೀನು ಕೊಂಡು, ಮ್ಯೂಸಿಯಂ, ಕಾಲೇಜು ಕಟ್ಟಿಸಿದ್ರು. ಸುತ್ತಲೂ ಬಿಲ್ಡರ್‌ಗಳು ಬಂದು ಬಿಳಿ ಗಾರೆಯ ಸಾಲು ಮನೆ ಎಬ್ಬಿಸಿದ್ರು. ತರಕಾರಿ ಬೆಳೀತಿದ್ದ ಜಾಗ ಕೆಲವೇ ದಶಕದಲ್ಲಿ ಶ್ರೀಮಂತರ ಏರಿಯಾ ಆಯ್ತು.

ಆ ಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದ ವಸ್ತುಗಳಲ್ಲಿ ಕೊಹಿನೂರ್ ವಜ್ರವೂ ಒಂದು. ಪಂಜಾಬಿನ ಬಾಲಕ ಮಹಾರಾಜ ದುಲೀಪ್ ಸಿಂಗ್‌ನಿಂದ 1849ರಲ್ಲಿ ಬರೆಸಿಕೊಂಡದ್ದು. ಈ ಹೆಸರು ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಒಳಗೆ ಹೋಗಿ. ಕನ್ನಡದವರು ಅಲ್ಲಿ ಮೊದಲು ಹುಡುಕೋದು ಟಿಪ್ಪುವಿನ ಹುಲಿ. ಬ್ರಿಟಿಷ್ ಸಿಪಾಯಿಯ ಮೇಲೆ ಎರಗಿರೋ ಮರದ ಹುಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿ ಕೈಗೆ ಸಿಕ್ಕಿದ್ದು. ಎಲ್ಲರೂ ಅದರ ಮುಂದೆ ಸೆಲ್ಫಿ ತಗೋತಾರೆ. ಕೊಡಗಿನವರು ಮಾತ್ರ ಒಂದು ನಿಮಿಷ ಜಾಸ್ತಿ ನಿಲ್ಲಬೇಕು. ಯಾಕಂದ್ರೆ ಆ ಯುದ್ಧದಲ್ಲಿ ಕೊಡಗಿನ ರಾಜ ಟಿಪ್ಪುವಿನ ವಿರುದ್ಧ, ಕಂಪನಿಯ ಪಕ್ಕ ನಿಂತಿದ್ದ.

ಅವನೇ ದೊಡ್ಡವೀರರಾಜೇಂದ್ರ. ಹಾಲೇರಿ ವಂಶದ ಲಿಂಗಾಯತ ರಾಜ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದು ಕೊಡಗನ್ನ ಮತ್ತೆ ಕಟ್ಟಿದವನು. 1790ರಲ್ಲಿ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ ಅವನದೇ. ಮಡಿಕೇರಿಯ ಗದ್ದುಗೆಯಲ್ಲಿ ಅವನ ಸಮಾಧಿ ಇದೆ. ಕಂಪನಿಯನ್ನ ಅವನು ಎಷ್ಟು ನಂಬಿದ್ದ ಅಂದ್ರೆ, ತನ್ನ ದುಡ್ಡನ್ನ ಅದರ ಸಾಲಪತ್ರಗಳಲ್ಲೇ ಹಾಕಿಟ್ಟ. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಸರ್ಕಾರಿ ಬಾಂಡ್. ಅಸಲು ಅಲ್ಲೇ ಇರುತ್ತೆ, ಬಡ್ಡಿ ಮನೆಗೆ ಬರುತ್ತೆ.

ಅವನ ನಂತರ ತಮ್ಮ ಲಿಂಗರಾಜೇಂದ್ರ, ಆಮೇಲೆ ಲಿಂಗರಾಜೇಂದ್ರನ ಮಗ ಚಿಕ್ಕವೀರರಾಜೇಂದ್ರ ಪಟ್ಟಕ್ಕೆ ಬಂದ್ರು. ಮಾಸ್ತಿಯವರ ಕಾದಂಬರಿಯಿಂದ ನಮಗೆಲ್ಲ ಗೊತ್ತಿರೋ ಚಿಕವೀರ ರಾಜೇಂದ್ರ ಇವನೇ. ಇವನ ಕ್ರೌರ್ಯದ ಕಥೆಗಳನ್ನ ಕೊಡಗಿನಲ್ಲಿ ಇವತ್ತಿಗೂ ಹೇಳ್ತಾರೆ. ತಂಗಿ ದೇವಮ್ಮಾಜಿ, ಅವಳ ಗಂಡ ಚೆನ್ನಬಸವ ಇವನಿಗೆ ಹೆದರಿ ಮೈಸೂರಿಗೆ ಓಡಿಹೋದ್ರು. ಅದೇ ನೆಪದಲ್ಲಿ ಜಗಳ ಬೆಳೆದು 1834ರ ಏಪ್ರಿಲ್‌ನಲ್ಲಿ ಕಂಪನಿ ಸೈನ್ಯ ಮಡಿಕೇರಿಗೆ ಬಂತು. ಮೇ ತಿಂಗಳಲ್ಲಿ ಕೊಡಗು ಕಂಪನಿಗೆ ಸೇರಿತು. ಜನರೇ ಒಕ್ಕೊರಲಿನಿಂದ ಬಯಸಿದ್ರು ಅಂತ ಘೋಷಣೆಯಲ್ಲಿ ಬರೆದುಕೊಂಡ್ರು. ರಾಜನನ್ನ ಕೊನೆಗೆ ಕಾಶಿಗೆ ಕಳಿಸಿದ್ರು.

ಇಲ್ಲೇ ನೋಡಿ ಲೆಕ್ಕ ಕೆಡೋದು. ಅರಮನೆಯ ಜೊತೆಗೆ ಆ ಸಾಲಪತ್ರಗಳೂ ಕಂಪನಿ ಕೈಸೇರಿದವು. ಸಾಲ ತಗೊಂಡವನೇ ಸಾಲ ಕೊಟ್ಟವನ ಮನೆಗೆ ನುಗ್ಗಿ, ಪೆಟ್ಟಿಗೆ ಒಡೆದು, ತಾನೇ ಬರೆದುಕೊಟ್ಟ ಪತ್ರ ಎತ್ತಿಕೊಂಡು, 'ಇನ್ನು ನಿನಗೆ ಬಾಕಿ ಏನಿಲ್ಲ' ಅಂದಹಾಗೆ. ಬಿ.ಕಾಂ.ನಲ್ಲಿ ನಮಗೆ ಸಾಲಗಾರ, ಸಾಲದಾತ ಅಂತ ಎರಡು ಕಾಲಂ ಹಾಕಿ ಪಾಠ ಮಾಡಿದ್ರು. ಒಂದು ಕಾಲಂ ಇನ್ನೊಂದನ್ನ ನುಂಗಿದ್ರೆ ಎಂಟ್ರಿ ಹೇಗೆ ಹಾಕಬೇಕು ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ.

ಕಾಶಿಯಲ್ಲಿ ಹಲವು ವರ್ಷ ಕಳೆದ ಮೇಲೆ ರಾಜ ಲಂಡನ್‌ಗೆ ಹೊರಟ. 1852. ಜೊತೆಯಲ್ಲಿ ಕಾಶಿಯಲ್ಲೇ 1841ರಲ್ಲಿ ಹುಟ್ಟಿದ ಮಗಳು ಗೌರಮ್ಮ. ಆ ಕಾಲಕ್ಕೆ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋದ ಭಾರತದ ರಾಜರು ಬೆರಳೆಣಿಕೆಯಷ್ಟೂ ಇರಲಿಲ್ಲ. ಅವನಿಗೆ ಎರಡು ಕೆಲಸ ಇತ್ತು. ಒಂದು, ಮಗಳಿಗೆ ಇಂಗ್ಲಿಷ್ ವಿದ್ಯಾಭ್ಯಾಸ, ಕ್ರೈಸ್ತ ಧರ್ಮದ ದೀಕ್ಷೆ. ಇನ್ನೊಂದು, ಕಂಪನಿಯಿಂದ ತನ್ನ ದುಡ್ಡು ವಾಪಸ್ ತಗೊಳ್ಳೋದು. ಮೊದಲನೆಯದು ಆದ್ರೆ ಎರಡನೆಯದಕ್ಕೆ ದಾರಿ ಆಗುತ್ತೆ ಅನ್ನೋ ಲೆಕ್ಕ ಅವನದು ಅಂತ ಹೇಳೋರಿದ್ದಾರೆ.

ಮೊದಲನೆಯದು ಬಲು ಬೇಗ ಆಯ್ತು. 1852ರ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅವಳಿಗೆ ದೀಕ್ಷಾಸ್ನಾನ ಮಾಡಿಸಿದ್ರು. ವಿಕ್ಟೋರಿಯಾ ರಾಣಿಯೇ ಜ್ಞಾನತಾಯಿ. ರಾಣಿಯ ಹೆಸರನ್ನೇ ಇಟ್ರು: ವಿಕ್ಟೋರಿಯಾ ಗೌರಮ್ಮ. ಆಗ ಅವಳಿಗೆ 11 ತುಂಬಲಿಕ್ಕೆ ಇನ್ನೂ ನಾಲ್ಕು ದಿನ ಇತ್ತು. ಆಮೇಲೆ ಅವಳು ಬೆಳೆದದ್ದು ಅಪ್ಪನ ಜೊತೆ ಅಲ್ಲ, ಇಂಗ್ಲಿಷ್ ಕುಟುಂಬಗಳ ಮನೆಯಲ್ಲಿ.

ಈಗ ಮ್ಯೂಸಿಯಂನಿಂದ ಹೊರಗೆ ಬನ್ನಿ. ಸ್ಟೇಷನ್ ದಾಟಿ ಆ ಕಡೆ ಐದು ನಿಮಿಷ ನಡೆದ್ರೆ ಆನ್ಸ್ಲೋ ಸ್ಕ್ವೇರ್. ಬಿಳಿ ಕಂಬದ ಮನೆಗಳು, ನಡುವೆ ತೋಟ. ಕೆನ್ಸಿಂಗ್ಟನ್ ಅಂದ್ರೆ ಕಣ್ಣಿಗೆ ಬರೋ ಚಿತ್ರವೇ ಇದು. ಕಾದಂಬರಿಕಾರ ಥ್ಯಾಕರೆ ಇಲ್ಲಿದ್ದ. ಶಿಲ್ಪಿ ಮರೊಕೆಟಿಯೂ ಇಲ್ಲೇ ಇದ್ದ. ಟ್ರಫಾಲ್ಗರ್ ಸ್ಕ್ವೇರಿನ ನಾಲ್ಕು ಸಿಂಹಗಳಿಗೆ ಕಂಚು ಎರೆದದ್ದು ಇವನ ಕಾರ್ಖಾನೆಯಲ್ಲೇ. ಗೌರಮ್ಮನನ್ನ ಅಮೃತಶಿಲೆಯಲ್ಲಿ ಕಡೆದವನೂ ಇವನೇ. ಅದಕ್ಕೂ ಮೊದಲು ರಾಜಮನೆತನದ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದಿದ್ದ. ಅದನ್ನ ಈಗ ಫೋನಿನಲ್ಲೇ ನೋಡಬಹುದು. ಮೈತುಂಬ ಭಾರತದ ಉಡುಪು, ಒಡವೆ. ಕೈಯಲ್ಲಿ ಬೈಬಲ್.

ಆ ಚಿತ್ರವನ್ನ ಸ್ವಲ್ಪ ಜೂಮ್ ಮಾಡಿ ನೋಡಿ. ಮನಸ್ಸು ಬದಲಾಗಿದೆ ಅಂತ ತೋರಿಸಲಿಕ್ಕೆ ಬೈಬಲ್ ಬೇಕಿತ್ತು. ಎಲ್ಲಿಂದ ಬಂದವಳು ಅಂತ ತೋರಿಸಲಿಕ್ಕೆ ಒಡವೆ ಬೇಕಿತ್ತು. ಒಂದು ವರ್ಷ ಹಿಂದೆ ಕೊಹಿನೂರ್ ನೋಡಿದ ಊರಿಗೆ ಈಗ ನೋಡಲಿಕ್ಕೆ ಒಬ್ಬಳು ಹುಡುಗಿ ಸಿಕ್ಕಳು. ಎರಡೂ ನಮ್ಮ ಕಡೆಯಿಂದಲೇ ಹೋದದ್ದು. ವ್ಯತ್ಯಾಸ ಇಷ್ಟೇ, ವಜ್ರಕ್ಕೆ ಅಪ್ಪನ ನೆನಪು ಬರೋದಿಲ್ಲ.

ದುಲೀಪ್ ಸಿಂಗ್ ಹೆಸರು ಮತ್ತೆ ಬರುತ್ತೆ ಅಂದಿದ್ದೆ. ಅವನೂ ಕ್ರೈಸ್ತನಾಗಿ 1854ರಲ್ಲಿ ಇಂಗ್ಲೆಂಡಿಗೆ ಬಂದ. ಇಬ್ಬರಿಗೂ ಮದುವೆ ಮಾಡಿಸಬೇಕು ಅಂತ ರಾಣಿಗೆ ಬಹಳ ಆಸೆ. ಅವನು ಒಪ್ಪಲಿಲ್ಲ. 1860ರಲ್ಲಿ ಗೌರಮ್ಮ ತನಗಿಂತ ತುಂಬಾ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನ ಮದುವೆ ಆದಳು. ಮರುವರ್ಷ ಎಡಿತ್ ಅನ್ನೋ ಮಗಳು ಹುಟ್ಟಿದಳು.

ಅಪ್ಪನ ಕೆಲಸ ಏನಾಯ್ತು? ಅವನು ಕಂಪನಿಯ ಮೇಲೆ ಲಂಡನ್‌ನ ಚಾನ್ಸರಿ ಕೋರ್ಟಿನಲ್ಲಿ ಕೇಸ್ ಹಾಕಿದ. ಒಂದು ಸಲ ಯೋಚನೆ ಮಾಡಿ. ಗದ್ದುಗೆ ಕಳಕೊಂಡ ಮಡಿಕೇರಿಯ ರಾಜ, ತನ್ನನ್ನ ಇಳಿಸಿದವರ ಊರಿಗೇ ಹೋಗಿ, ಅವರದೇ ಕೋರ್ಟಿನಲ್ಲಿ, ಅವರದೇ ಕಾನೂನು ಹಿಡಿದು 'ನನ್ನ ದುಡ್ಡು ಕೊಡಿ' ಅಂತಾನೆ. ಆದ್ರೆ 1859ರಲ್ಲಿ ಅವನು ಲಂಡನ್‌ನಲ್ಲೇ ತೀರಿಕೊಂಡ. ಕೇಸಿನ ತೀರ್ಪು ಕಾನೂನು ವರದಿಗಳಲ್ಲಿ 1860ರ ಲೆಕ್ಕದಲ್ಲಿ ಸಿಗುತ್ತೆ. ನ್ಯಾಯಾಧೀಶ ಸರ್ ಜಾನ್ ರೊಮಿಲಿ. ತೀರ್ಪಿನ ತಿರುಳು ಇಷ್ಟು: ಕಂಪನಿ ಆ ಪತ್ರಗಳನ್ನ ತಗೊಂಡದ್ದು ಸಾಲಗಾರನಾಗಿ ಅಲ್ಲ, ಯುದ್ಧ ಗೆದ್ದ ಸರ್ಕಾರವಾಗಿ. ಸರ್ಕಾರದ ಅಂಥ ಕೆಲಸವನ್ನ ಪ್ರಶ್ನೆ ಮಾಡೋ ಅಧಿಕಾರ ಕೋರ್ಟಿಗೆ ಇಲ್ಲ. ಇದಕ್ಕೆ ಕಾನೂನಿನಲ್ಲಿ 'ಆಕ್ಟ್ ಆಫ್ ಸ್ಟೇಟ್' ಅಂತಾರೆ. ಕೊಡಗಿನ ರಾಜನ ಕೇಸ್ ಆ ತತ್ವಕ್ಕೆ ಒಂದು ಹಳೇ ಉದಾಹರಣೆ.

ಕಂಪನಿ ಅಂಗಡಿಯೂ ಹೌದು, ಸರ್ಕಾರವೂ ಹೌದು. ಬಡ್ಡಿ ಕೊಡೋ ಕಾಲಕ್ಕೆ ಅಂಗಡಿ, ಅಸಲು ಕೇಳಿದ ಕಾಲಕ್ಕೆ ಸರ್ಕಾರ. ಇಷ್ಟೇ ಅದರ ವ್ಯಾಪಾರದ ಗುಟ್ಟು.

ಇತ್ತ ಕೊಡಗಿನಲ್ಲಿ 1854ರಲ್ಲಿ ಫೌಲರ್ ಅನ್ನೋ ಯುರೋಪಿಯನ್ ಪ್ಲಾಂಟರ್ ಮಡಿಕೇರಿ ಹತ್ತಿರ ಕಾಫಿ ಎಸ್ಟೇಟ್ ಶುರುಮಾಡಿದ. ಅವನ ಹಿಂದೆ ಇನ್ನಷ್ಟು ಜನ ಬಂದ್ರು. ರಾಜ ತನ್ನ ಬಾಕಿ ಕೇಳುತ್ತಾ ಲಂಡನ್‌ನಲ್ಲಿ ಕೂತಿದ್ದಾಗಲೇ, ಅವನು ಬಿಟ್ಟುಬಂದ ಬೆಟ್ಟಗಳಲ್ಲಿ ಹೊಸ ಆದಾಯ ಮೊಳಕೆ ಒಡೀತಿತ್ತು.

ವಾಕ್‌ನ ಕೊನೆಯ ಜಾಗಕ್ಕೆ ಬರೋಣ. ಓಲ್ಡ್ ಬ್ರಾಂಪ್ಟನ್ ರಸ್ತೆ ಹಿಡಿದು ಪಶ್ಚಿಮಕ್ಕೆ ಸುಮಾರು ಅರ್ಧ ಗಂಟೆ ನಡೀರಿ. ಎಡಗಡೆ ಬ್ರಾಂಪ್ಟನ್ ಸ್ಮಶಾನದ ಗೇಟ್ ಸಿಗುತ್ತೆ. 1840ರಲ್ಲಿ ಶುರುವಾದದ್ದು. ಹತ್ತಿರದ ಸ್ಟೇಷನ್ ವೆಸ್ಟ್ ಬ್ರಾಂಪ್ಟನ್. ಚೆಲ್ಸಿ ಫುಟ್‌ಬಾಲ್ ಕ್ಲಬ್ಬಿನ ಸ್ಟೇಡಿಯಂ ಪಕ್ಕದಲ್ಲೇ. ಟಿಕೆಟ್ ಇಲ್ಲ. ಸ್ಮಶಾನ ಅಂದ್ರೆ ನಮ್ಮ ಕಡೆ ಸಂಜೆ ಆದ್ಮೇಲೆ ಆ ದಾರಿಯಲ್ಲಿ ಹೋಗೋದಿಲ್ಲ. ಅಲ್ಲಿ ಜನ ನಾಯಿ ಕರ್ಕೊಂಡು ವಾಕಿಂಗ್ ಬರ್ತಾರೆ.

ಕ್ಷಯ ರೋಗದಿಂದ 1864ರಲ್ಲಿ ಗೌರಮ್ಮ ತೀರಿಕೊಂಡಳು. ವಯಸ್ಸು 22. ಅವಳ ಸಮಾಧಿ ಇಲ್ಲಿದೆ. ಕಲ್ಲಿನ ಮೇಲಿನ ಬರಹಕ್ಕೆ ರಾಣಿಯೇ ಗಮನ ಕೊಟ್ಟಳಂತೆ. ಕೊಡಗಿನ ಮಾಜಿ ರಾಜನ ಮಗಳು, ಚಿಕ್ಕ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಬಂದವಳು, ರಾಣಿಯ ಆಶ್ರಯದಲ್ಲಿ ದೀಕ್ಷೆ ಪಡೆದವಳು ಅನ್ನೋ ಅರ್ಥದ ಮಾತು ಅದರಲ್ಲಿದೆ. ಕೆಲವು ವರ್ಷಗಳಲ್ಲಿ ಗಂಡ ಕ್ಯಾಂಪ್‌ಬೆಲ್ ಕಾಣೆಯಾದ. ಗೌರಮ್ಮನ ಒಡವೆಯ ಜೊತೆಗೆ ಹೋದ ಅಂತ ಕಥೆ. ಇವಳ ಬದುಕಿನ ಬಗ್ಗೆ ಸಿ.ಪಿ. ಬೆಳ್ಳಿಯಪ್ಪ ಇಂಗ್ಲಿಷ್‌ನಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಒಂದು ಸೂಚನೆ: ನೆಟ್‌ನಲ್ಲಿ 'ಕೊಡಗಿನ ಗೌರಮ್ಮ' ಅಂತ ಹುಡುಕಿದ್ರೆ 1939ರಲ್ಲಿ ತೀರಿಕೊಂಡ ಕಥೆಗಾರ್ತಿ ಸಿಗ್ತಾರೆ. ಗಾಂಧೀಜಿಗೆ ತಮ್ಮ ಒಡವೆ ಬಿಚ್ಚಿಕೊಟ್ಟವರು. ಅವರು ಬೇರೆ. ಆ ಗೌರಮ್ಮ ತನ್ನ ಒಡವೆ ಯಾರಿಗೆ ಸೇರಬೇಕು ಅಂತ ತಾನೇ ತೀರ್ಮಾನ ಮಾಡಿದಳು. ಈ ಗೌರಮ್ಮನಿಗೆ ಒಡವೆ ಹಾಕಿ ನಿಲ್ಲಿಸಿದವರು ಬೇರೆಯವರು.

ಹಾಗಾದ್ರೆ ಕೆನ್ಸಿಂಗ್ಟನ್‌ಗೆ ಹೋಗಬಾರದಾ? ಖಂಡಿತ ಹೋಗಿ. ಆ ಬೀದಿಗಳು ನಿಜವಾಗ್ಲೂ ಚೆಂದ. ಆದ್ರೆ ಚೆಂದಕ್ಕೆ ಖರ್ಚಾಗಿರುತ್ತೆ, ಖರ್ಚಿಗೆ ಎಲ್ಲಿಂದಲೋ ಹಣ ಬಂದಿರುತ್ತೆ. ಅಲ್ಲಿನ ಪ್ರತಿ ಕಂಬವೂ ನಮ್ಮ ದುಡ್ಡಿನದು ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳೋದು ಸುಳ್ಳು. ಆ ಊರಿನ ಲೆಕ್ಕದಲ್ಲಿ ಕೊಡಗಿಗೆ ಕೊಡಬೇಕಾದ ಒಂದು ಬಾಕಿಯನ್ನ ಕೋರ್ಟ್ ಕೇಳಲಿಕ್ಕೇ ಒಪ್ಪಲಿಲ್ಲ, ಅಷ್ಟೇ ಹೇಳ್ತಿರೋದು.

ಇದನ್ನ ನಾವು ತಿಳ್ಕೊಳ್ಳಬೇಕಾದ್ದಕ್ಕೆ ಇನ್ನೊಂದು ಕಾರಣ ಇದೆ. ಇವತ್ತು ಕೊಡಗೇ ಜನ ನೋಡಲಿಕ್ಕೆ ಬರೋ ಜಾಗ. ವೀಕೆಂಡ್ ಬಂದ್ರೆ ರಾಜಾಸೀಟ್‌ನಲ್ಲಿ ಕಾಲಿಡಲಿಕ್ಕೆ ಜಾಗ ಇರಲ್ಲ. ನಮ್ಮ ಉಡುಪು, ಒಡವೆ, ಊಟ ಎಲ್ಲ ಫೋಟೋಗೆ ಬೇಕು. ನೋಡಿಸಿಕೊಳ್ಳೋದು ಅಂದ್ರೆ ಏನು ಅಂತ ನಮಗೂ ಗೊತ್ತು. ಅದಕ್ಕೇ ನಾವು ಬೇರೆ ಊರಿಗೆ ಪ್ರವಾಸ ಹೋದಾಗ, ಚೆಂದದ ಬೀದಿಯಲ್ಲಿ ಯಾರನ್ನ ತಂದು ನಿಲ್ಲಿಸಿದ್ರು ಅನ್ನೋದನ್ನೂ ಕೇಳಬೇಕು.

ಲಂಡನ್‌ನಲ್ಲಿರೋ ಗೆಳೆಯರಿಗೆ ಈ ಎಪಿಸೋಡ್ ಕಳಿಸಿ. ಬ್ರಾಂಪ್ಟನ್ ಕಡೆ ಹೋದ್ರೆ ಗೌರಮ್ಮನ ಕಲ್ಲಿನ ಹತ್ತಿರ ಎರಡು ನಿಮಿಷ ನಿಂತು, ಕೊಡಗಿನ ಮಾತೋ ಕನ್ನಡವೋ, ನಾಲ್ಕು ಮಾತು ಆಡಿ ಬರಲಿ. ಮಡಿಕೇರಿಯಲ್ಲಿರೋರು ಗದ್ದುಗೆಗೆ ಹೋಗಿ ದೊಡ್ಡವೀರರಾಜೇಂದ್ರನ ಸಮಾಧಿ ನೋಡಿ. ಕಂಪನಿಯನ್ನ ನಂಬಿ ಪತ್ರ ಬರೆಸಿಕೊಂಡವನು ಅಲ್ಲಿದ್ದಾನೆ.