ಮೇಜಿನ ಮ್ಯಾಲಿನ ರೊಕ್ಕ

ಪೋಕರ್ ಆಟದಾಗ ‘ಟೇಬಲ್ ಸ್ಟೇಕ್ಸ್’ ಅಂತ ಒಂದು ಕಟ್ಟಳೆ ಅದ. ಎಲಿ ಹಂಚೂ ಹೊತ್ತಿಗೆ ನಿಮ್ಮ ಎದುರು ಮೇಜಿನ ಮ್ಯಾಲೆ ಎಷ್ಟು ಇರ್ತದೋ, ಆ ಆಟಕ್ಕ ಅಷ್ಟನ್ನೇ ಹಚ್ಚಬಹುದು. ಕಿಸೆದಾಗಿನ ಪಾಕೀಟು, ಬೆರಳಾಗಿನ ಉಂಗುರ, ಊರಾಗಿನ ಹೊಲ ಯಾವುದೂ ಲೆಕ್ಕಕ್ಕಿಲ್ಲ. ಇದನ್ನ ಓದಿದಾಗ ನನಗ ಮೊದಲ ನೆನಪಾದಾಂವ ಧರ್ಮರಾಯ. ಆ ಸಭಾದಾಗ ಇದೊಂದು ಕಟ್ಟಳೆ ಇದ್ದಿದ್ರ ಮಾತು ತಮ್ಮಂದಿರ ತನಕ, ದ್ರೌಪದಿ ತನಕ ಹೋಗ್ತಿದ್ದಿಲ್ಲ.

ಪೋಕರ್ ಬೆಳೆದದ್ದು ಅಮೆರಿಕಾದಾಗ, ನ್ಯೂ ಆರ್ಲಿಯನ್ಸ್ ಮತ್ತು ಮಿಸಿಸಿಪ್ಪಿ ಹೊಳಿಯ ಉಗಿಹಡಗಗಳ ಮ್ಯಾಲೆ. 1829ರಾಗ ಹಂಥ ಒಂದು ಹಡಗಿನ್ಯಾಗ ಕಂಡ ಆಟವನ್ನ ಜೋ ಕೋವೆಲ್ ಅನ್ನೋ ಇಂಗ್ಲಿಷ್ ನಟ ತನ್ನ ನೆನಪಿನ ಪುಸ್ತಕದಾಗ ಬರದಾನ. ಆವಾಗಿನ ದೊಡ್ಡ ತಕರಾರು ಒಂದ. ಶ್ರೀಮಂತ ಒಬ್ಬಾಂವ ಒಮ್ಮೆಲೆ ಸಾವಿರ ಡಾಲರ್ ಹಚ್ಚಿದ್ರ, ಕೈಯಾಗ ಛಲೋ ಎಲಿ ಇದ್ದೂ ಗಂಟು ಸಣ್ಣದಿದ್ದಾಂವ ಏನು ಮಾಡಬೇಕು? ಎಲಿ ಒಗದು ಏಳಬೇಕಂದ್ರ ಗೆದ್ದದ್ದು ಎಲಿ ಅಲ್ಲ, ಗಂಟು. ಇಲ್ಲಾ ಸಾಲಕ್ಕ ಓಡಬೇಕು. 1966ರ ‘ಎ ಬಿಗ್ ಹ್ಯಾಂಡ್ ಫಾರ್ ದಿ ಲಿಟಲ್ ಲೇಡಿ’ ಸಿನಿಮಾದಾಗ ಹೆಂಡತಿ ಎಲಿ ಹಿಡ್ಕೊಂಡು ಬ್ಯಾಂಕಿನವನ ಕಡೆ ಹೋಗೂದು ಇದಕ್ಕ. ಹಳೇ ನಿಯಮದ ಪುಸ್ತಕದಾಗ ‘ಸೈಟ್’ ಕೇಳೂ ಪದ್ಧತಿ ಇತ್ತು: ನನ್ನ ಹತ್ರ ಇದ್ದದ್ದು ಇಷ್ಟು, ಇಷ್ಟಕ್ಕ ಎಲಿ ತೋರಸು.

ಈಗ ಅದನ್ನ ಎರಡು ರಾಶಿ ಮಾಡಿ ಬಗೆಹರಸ್ತಾರ. ಮೂವರೊಳಗ ನನ್ನ ಹತ್ರ 40, ಉಳಿದಿಬ್ಬರ ಹತ್ರ ನೂರು ನೂರು ಅದ ಅನ್ರಿ. ಮೂವರೂ ಇದ್ದದ್ದೆಲ್ಲಾ ಹಚ್ಚಿದ್ರ 120ರ ರಾಶಿಗೆ ಮೂರೂ ಮಂದಿ ಹಕ್ಕುದಾರರು. ಮಿಕ್ಕ 120 ಬ್ಯಾರೆ ರಾಶಿ, ಅದು ಅವರಿಬ್ಬರ ನಡುವಿನ ಜಗಳ. ನನ್ನ ಎಲಿ ಎಷ್ಟೇ ದೊಡ್ಡದಿದ್ರೂ ನಾ ಅದನ್ನ ಮುಟ್ಟಂಗಿಲ್ಲ.

ಇದಕ್ಕ ಇನ್ನೊಂದು ಮಗ್ಗಲ ಅದ, ಮನಿ ಹೆಣ್ಮಕ್ಕಳಿಗೆ ಸೇರಲಿಕ್ಕಿಲ್ಲ. ಗೆದ್ದದ್ದರಾಗ ಅರ್ಧ ಕಿಸೆಕ್ಕ ಹಾಕ್ಕೊಂಡು ಆಟ ಮುಂದುವರಸೂ ಹಂಗಿಲ್ಲ. ಒಮ್ಮೆ ಮೇಜಿಗೆ ಬಂದದ್ದು ಏಳೂ ತನಕ ಮೇಜಿನ ಮ್ಯಾಲೇ ಇರಬೇಕು. ಸೋತಾಂವಗ ತನ್ನ ರೊಕ್ಕ ಹೊಳ್ಳಿ ಗೆಲ್ಲಲಿಕ್ಕೆ ದಾರಿ ಇರಬೇಕಲ್ಲ, ಅದಕ್ಕ. ದೊಡ್ಡ ಬೆಲಿ ಚಿಪ್ಪುಗಳನ್ನ ಸಣ್ಣವುಗಳ ಹಿಂದ ಮುಚ್ಚಿಡೂದೂ ತಪ್ಪು, ಎದುರಿನಾಂವಗ ಕಾಣಬೇಕು. ನ್ಯಾಯ ಖರೇ, ಆದ್ರ ಮನಿ ಬಾಡಿಗಿ ರೊಕ್ಕ ಸೈತ ಅಲ್ಲೇ ಕುಂತಿರ್ತದ. ಎದ್ದು ಬರೂ ಸ್ವಾತಂತ್ರ್ಯ ಮಾತ್ರ ಯಾವಾಗಲೂ ಅದ.

ಚಿಪ್ಪಿನ ಕಥಿ ಬ್ಯಾರೆ. ಮೊದಲ ಎಲುಬು, ದಂತದ ಬಿಲ್ಲಿ ಇದ್ವು. 1931ರಾಗ ನೆವಾಡಾ ರಾಜ್ಯ ಜೂಜಿಗೆ ಕಾಯ್ದೆದ ಒಪ್ಪಿಗಿ ಕೊಟ್ಟ ಮ್ಯಾಲೆ ಅಲ್ಲಿಯ ಕ್ಯಾಸಿನೊಗಳೊಳಗ ಬೆಳ್ಳಿ ಡಾಲರ್ ನಾಣ್ಯನ ಭಾಳ ಓಡಾಡತಿತ್ತು. 1964ರ ಹೊತ್ತಿಗೆ ಬೆಳ್ಳಿಗೆ ಬರ ಬಂತು, ಸರಕಾರ ಆ ನಾಣ್ಯ ಕೊಡೂದು ನಿಲ್ಲಿಸ್ತು, ಕ್ಯಾಸಿನೊಗಳು ತಮ್ಮವ ಟೋಕನ್ ಮಾಡಿಸಿದ್ವು. ಬೆಳ್ಳಿ ಕೈಬಿಡೂ ಮುಂದ ಅದರ ಭಾರ ತಿಳೀತದ. ಬಣ್ಣದ ಬಿಲ್ಲಿ ದೂಡೂ ಮುಂದ ಏನೂ ಅನಸಂಗಿಲ್ಲ ಅಂತ ನನಗ ಅನಸ್ತದ.

ಟೂರ್ನಮೆಂಟಿನ ಚಿಪ್ಪಿಗಂತೂ ರೊಕ್ಕದ ಬೆಲೀನೇ ಇಲ್ಲ, ಅವು ಬರೇ ಲೆಕ್ಕ. ರೊಕ್ಕದ ಆಟದ ಚಿಪ್ಪಿನ ಬಗ್ಗೆ ನೆವಾಡಾದ ನಿಯಮ ಹೇಳೂದು ಕೇಳ್ರಿ: ಅದು ಕ್ಯಾಸಿನೊ ನಿಮಗ ಕೊಡಬೇಕಾದ ಸಾಲದ ಗುರುತು ಅಷ್ಟ, ಬಿಲ್ಲಿಯ ಮಾಲಕತ್ವ ಕ್ಯಾಸಿನೊದ್ದೇ. ಕೈಯಾಗ ಹಿಡಿದು ಕುಂತಾಂವ ಬರೇ ಲೇಣೆದಾರ.