ಕಾವಲು ಗ್ರಂಥಿಯ ಚಿತ್ರಣ: ಸ್ತನಾರ್ಬುದ ಚಿಕಿತ್ಸೆಯ ಇತಿಹಾಸದಲ್ಲಿ ಒಂದು ಘಟ್ಟ

ಸ್ತನಾರ್ಬುದದ ಶಸ್ತ್ರಚಿಕಿತ್ಸೆಯ ಇತಿಹಾಸವೆಂದರೆ ಸಾಮಾನ್ಯವಾಗಿ ಕತ್ತಿಯ ಇತಿಹಾಸವೇ ಆಗಿದೆ. ವೈದ್ಯರು ಎಷ್ಟನ್ನು ತೆಗೆದರು, ಎಷ್ಟನ್ನು ಉಳಿಸಿದರು ಎಂಬುದೇ ಅದರ ವಸ್ತು. ಎಲ್ಲಿ ನೋಡಬೇಕೆಂಬುದನ್ನು ಅವರು ಹೇಗೆ ಅರಿತರೆಂಬ ಪ್ರಶ್ನೆಗೆ ದೊರೆತ ಗಮನ ಕಡಮೆ. ಈ ಲೇಖನದಲ್ಲಿ ಆ ಎರಡನೆಯ ಪ್ರಶ್ನೆಯನ್ನಷ್ಟೇ ಎತ್ತಿಕೊಂಡಿದೆ.

ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತಮ್ಮ 50 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಸ್ತನ, ಅದರ ಕೆಳಗಿನ ಎದೆಯ ಸ್ನಾಯುಗಳು, ಕಂಕುಳಿನ ದುಗ್ಧರಸ ಗ್ರಂಥಿಗಳು, ಇವೆಲ್ಲವನ್ನೂ ಒಂದೇ ಗಟ್ಟಿಯಾಗಿ ತೆಗೆದುಹಾಕುವುದು ಅವರ ಕ್ರಮ. ರೋಗವು ದುಗ್ಧನಾಳಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಹರಡುವುದೆಂದು ನಂಬಿದ್ದ ಕಾಲದಲ್ಲಿ ಇದು ತರ್ಕಬದ್ಧವೇ ಆಗಿತ್ತು. ಆದರೆ ಗ್ರಂಥಿಗಳನ್ನು ಕಳೆದುಕೊಂಡ ತೋಳು ಹಲವು ಹೆಂಗಸರಲ್ಲಿ ಬಾತುಕೊಂಡು, ಜೀವಮಾನವಿಡೀ ಹಾಗೆಯೇ ಉಳಿಯುತ್ತಿತ್ತು. ಹಾಲ್‌ಸ್ಟೆಡರೇ 1921ರಲ್ಲಿ ಈ ಬಾವಿನ ವಿಷಯವಾಗಿ ಲೇಖನ ಬರೆದು, ಶಸ್ತ್ರಚಿಕಿತ್ಸೆಯಿಂದುಂಟಾದ ಆನೆಕಾಲು ಎಂಬರ್ಥದ ಹೆಸರನ್ನು ಅದಕ್ಕೆ ಕೊಟ್ಟರು. ಕಂಕುಳಿಗೆ ರೋಗ ತಲುಪಿಯೇ ಇರದ ಹೆಂಗಸರೂ ಈ ಬೆಲೆಯನ್ನು ತೆತ್ತರೆಂಬುದನ್ನು ಮರೆಯಲಾಗದು.

ರೋಗ ಅಲ್ಲಿಗೆ ತಲುಪಿದೆಯೇ ಎಂದು ಮೊದಲೇ ತಿಳಿಯುವ ಉಪಾಯವುಂಟೆ? ಲಂಡನ್ನಿನ ಕಿನ್‌ಮಂತ್ 1952ರಲ್ಲಿ ದುಗ್ಧನಾಳಗಳಿಗೆ ದ್ರವವನ್ನು ತುಂಬಿ ಎಕ್ಸ್-ರೇ ಚಿತ್ರ ತೆಗೆಯುವ ವಿಧಾನವನ್ನು ವಿವರಿಸಿದರು. ಪರೊಟಿಡ್ ಲಾಲಾಗ್ರಂಥಿಯ ಕ್ಯಾನ್ಸರನ್ನು ಕುರಿತು 1960ರಲ್ಲಿ ಬರೆದ ಗೌಲ್ಡ್ ಮತ್ತು ಅವರ ಸಂಗಡಿಗರು ‘ಸೆಂಟಿನಲ್’, ಎಂದರೆ ಕಾವಲು, ಗ್ರಂಥಿಯ ಮಾತನ್ನೆತ್ತಿದರು. ಈ ಎರಡು ಎಳೆಗಳನ್ನು ಕೂಡಿಸಿದವರು ಪೆರಗ್ವೆಯ ರಮೋನ್ ಕಬಾನ್ಯಾಸ್. 1977ರಲ್ಲಿ ಅವರು ಶಿಶ್ನದ ಕ್ಯಾನ್ಸರಿನ ರೋಗಿಗಳ ಎಕ್ಸ್-ರೇ ಚಿತ್ರಗಳನ್ನು ಆಧರಿಸಿ, ರೋಗವು ಮೊದಲು ತಲುಪುವ ಗ್ರಂಥಿಯೊಂದಿದೆಯೆಂದೂ ಅದು ತೊಡೆಸಂದಿಯಲ್ಲಿ ಗೊತ್ತಾದ ಸ್ಥಳದಲ್ಲಿರುತ್ತದೆಂದೂ ವಾದಿಸಿದರು.

ಅವರ ಮೊದಲನೆಯ ಮಾತು ನಿಂತಿತು, ಎರಡನೆಯದು ನಿಲ್ಲಲಿಲ್ಲ. ಕಾವಲು ಗ್ರಂಥಿಯ ಸ್ಥಳ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ನಿಜವಾದ ತಿರುವು ಇದೇ. ಅಂಗರಚನೆಯ ಪಟವೊಂದರಿಂದ ಎಲ್ಲರ ದೇಹವನ್ನೂ ಓದಲಾಗದು. ಪ್ರತಿಯೊಬ್ಬ ರೋಗಿಯ ದಾರಿಯನ್ನೂ ಬೇರೆಯಾಗಿಯೇ ಹುಡುಕಬೇಕು. 1992ರಲ್ಲಿ ಕ್ಯಾಲಿಫೋರ್ನಿಯಾದ ಡೊನಾಲ್ಡ್ ಮಾರ್ಟನ್ ಚರ್ಮದ ಮೆಲನೋಮಾ ರೋಗಿಗಳಲ್ಲಿ ನೀಲಿ ಬಣ್ಣವನ್ನು ಚುಚ್ಚಿ ಈ ಹುಡುಕಾಟವನ್ನು ನಡೆಸಿ ತೋರಿಸಿದರು. ಅದೇ ಬಣ್ಣದ ವಿಧಾನವನ್ನು ಸ್ತನಕ್ಕೆ ಅನ್ವಯಿಸಿದ ಜೂಲಿಯಾನೊ 1994ರಲ್ಲಿ ವರದಿ ಮಾಡಿದಂತೆ, 174 ಪ್ರಯತ್ನಗಳಲ್ಲಿ 114ರಲ್ಲಿ ಮಾತ್ರ ಗ್ರಂಥಿ ಸಿಕ್ಕಿತು. ಬಣ್ಣಕ್ಕೆ ಒಂದು ಮಿತಿಯುಂಟು: ಚರ್ಮವನ್ನು ಕೊಯ್ಯುವವರೆಗೆ ಅದು ಕಾಣದು.

ಕೊಯ್ಯುವ ಮೊದಲೇ ಕಾಣಿಸಿದ್ದು ಟೆಕ್ನೀಷಿಯಮ್. 1937ರಲ್ಲಿ ಪಲೆರ್ಮೊದಲ್ಲಿ ಪೆರಿಯೆ ಮತ್ತು ಸೆಗ್ರೆ ಗುರುತಿಸಿದ ಈ ಧಾತುವಿನ ಒಂದು ರೂಪಕ್ಕೆ ಅರ್ಧಾಯುಷ್ಯ ಕೇವಲ 6 ಗಂಟೆ. ಅದು ಹೊಮ್ಮಿಸುವ ಗಾಮಾ ಕಿರಣಗಳನ್ನು ದೇಹದ ಹೊರಗಿನಿಂದ ಹಿಡಿಯಬಹುದು. ಅಮೆರಿಕದ ಡೇವಿಡ್ ಕ್ರಾಗ್ 1993ರಲ್ಲಿ ಕೈಯಲ್ಲಿ ಹಿಡಿಯುವ ಶೋಧಕವೊಂದರಿಂದ 22 ಹೆಂಗಸರಲ್ಲಿ 18 ಮಂದಿಯ ಕಾವಲು ಗ್ರಂಥಿಯನ್ನು ಕಂಡುಹಿಡಿದರು. ಮಿಲಾನಿನಲ್ಲಿ ಉಂಬೆರ್ತೊ ವೆರೊನೇಸಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಶಸ್ತ್ರಚಿಕಿತ್ಸೆಯ ಹಿಂದಿನ ದಿನವೇ ಟೆಕ್ನೀಷಿಯಮ್ ಬೆರೆಸಿದ ಆಲ್ಬುಮಿನ್ ಕಣಗಳನ್ನು ಗಂತಿಯ ಮೇಲಿನ ಚರ್ಮದಡಿಯಲ್ಲಿ ಚುಚ್ಚಿ, ಗಾಮಾ ಕ್ಯಾಮರಾದಿಂದ ಚಿತ್ರ ತೆಗೆದು, ಗ್ರಂಥಿಯಿರುವ ಸ್ಥಳವನ್ನು ಚರ್ಮದ ಮೇಲೆ ಗುರುತು ಹಾಕುತ್ತಿದ್ದರು. 1997ರ ಅವರ ವರದಿಯಲ್ಲಿ 163 ಹೆಂಗಸರ ಪೈಕಿ 160 ಮಂದಿಯಲ್ಲಿ ಗ್ರಂಥಿ ದೊರೆಯಿತು. 156 ಮಂದಿಯಲ್ಲಿ ಅದು ಇಡೀ ಕಂಕುಳಿನ ಸ್ಥಿತಿಯನ್ನು ಸರಿಯಾಗಿ ಸೂಚಿಸಿತು.

ಇಲ್ಲಿ ವಿದ್ಯಾರ್ಥಿಗಳು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಚಿತ್ರದಲ್ಲಿ ಹೊಳೆಯುವ ಚುಕ್ಕೆ ಕ್ಯಾನ್ಸರ್ ಅಲ್ಲ. ಅದು ತೋರಿಸುವುದು ದಾರಿಯನ್ನು, ರೋಗವನ್ನಲ್ಲ. ಆರೋಗ್ಯವಾಗಿರುವ ಗ್ರಂಥಿಯೂ ಹೊಳೆಯುತ್ತದೆ. ರೋಗದಿಂದ ತುಂಬಿ ಹರಿವು ಕಟ್ಟಿಹೋದ ಗ್ರಂಥಿ ಹೊಳೆಯದೆಯೂ ಇರಬಹುದು. ತೀರ್ಪು ಕೊಡುವುದು ಸೂಕ್ಷ್ಮದರ್ಶಕವೇ. ಚಿತ್ರವು ಕೆಲವೊಮ್ಮೆ ಎದೆಮೂಳೆಯ ಪಕ್ಕದ ಗ್ರಂಥಿಗಳನ್ನೂ ತೋರಿಸಿ, ಕಂಕುಳನ್ನಷ್ಟೇ ನೋಡುತ್ತಿದ್ದ ವೈದ್ಯರನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಕೈಯ ಶೋಧಕವಿರುವಾಗ ಚಿತ್ರವೇಕೆಂದು ಕೇಳಿದವರೂ ಉಂಟು. ಆ ಪ್ರಶ್ನೆಯೂ ಅಸಂಗತವಲ್ಲ.

ಕಾವಲು ಗ್ರಂಥಿ ನಿರ್ದೋಷಿಯಾಗಿದ್ದರೆ ಉಳಿದವನ್ನು ಬಿಟ್ಟುಬಿಡುವುದರಿಂದ ಆಯುಸ್ಸಿಗೆ ಕುಂದಿಲ್ಲವೆಂದು 5,611 ಹೆಂಗಸರ ಮೇಲೆ ನಡೆದ ಅಮೆರಿಕದ ಪರೀಕ್ಷೆಯೊಂದು 2010ರಲ್ಲಿ ತೋರಿಸಿತು. ಆ ಬಳಿಕ ಮಿಲಾನಿನ ವೈದ್ಯರೇ ಮುಂದಾಗಿ ನಡೆಸಿದ ಇನ್ನೊಂದು ಪರೀಕ್ಷೆಯ ಫಲ 2023ರಲ್ಲಿ ಪ್ರಕಟವಾಯಿತು. ಗಂತಿ ಚಿಕ್ಕದಾಗಿದ್ದು, ಅಲ್ಟ್ರಾಸೌಂಡ್ ಚಿತ್ರದಲ್ಲಿ ಕಂಕುಳು ಶುದ್ಧವಾಗಿ ಕಂಡ ಹೆಂಗಸರಲ್ಲಿ ಕಾವಲು ಗ್ರಂಥಿಯನ್ನೂ ತೆಗೆಯದೆ ಬಿಡಬಹುದೆಂದು ಅದು ತಿಳಿಸಿತು. ಯಾವ ಗ್ರಂಥಿಯನ್ನು ತೆಗೆಯಬೇಕೆಂದು ತೋರಿಸಲು ಗಾಮಾ ಕ್ಯಾಮರಾದ ಚಿತ್ರಣ ಬಳಕೆಗೆ ಬಂದ ಮಿಲಾನಿನಲ್ಲೇ, ಅದೇ ನಗರದ ವೈದ್ಯರ ಕೈಯಲ್ಲಿ, ಬೇರೊಂದು ಬಗೆಯ ಚಿತ್ರಣವಾದ ಅಲ್ಟ್ರಾಸೌಂಡ್ ಯಾವುದನ್ನೂ ತೆಗೆಯಬೇಕಾಗಿಲ್ಲವೆಂದು ತಿಳಿಸುವ ಸಾಧನವಾಯಿತು.